ಸರ್ವರಿನಲ್ಲಿ ಅಪ್ಪನಿಗೊಂದಿಷ್ಟು ಜಾಗ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿ, ಸರ್ಟಿಫಿಕೇಟು ಹಿಡಿದು ಇಳಿದವನು ನಾನೊಬ್ಬನೇ. ಹಾನಗಲ್ಲಿನ ಬಸ್ಸಿಗೆ ಜೋತುಬಿದ್ದು ಗಳಿಸಿದ ಬಿ.ಸಿ.ಎ.! ಈಗ ಅಕ್ಕಿಆಲೂರಿನ ಅಕ್ಕಿ ಗಿರಣಿಯೊಂದರಲ್ಲಿ ಕಂಪ್ಯೂಟರು ನೋಡಿಕೊಳ್ಳುತ್ತೇನೆ. ಕೀಲಿಗೊಂಚಲಿಗೆ ಸದಾ ಒಂದು ಪೆನ್‌ಡ್ರೈವ್ ತೂಗುಬಿಟ್ಟಿರುತ್ತೇನೆ. ಓದಿದವನೆಂದು ಮಂದಿಗೆ ಗೊತ್ತಾಗಬೇಡವೆ?

ಗಿರಣಿಯ ಬಿಲ್ಲು, ಸ್ಟಾಕು, ತೂಕ ಎಲ್ಲವೂ ಇರುವುದು ಒಂದೇ ಸರ್ವರಿನಲ್ಲಿ. ಈ ಸುಗ್ಗಿಯಲ್ಲಿ ಅದು ಕೆಂಪು ಗೆರೆ ತೋರಿಸಿತು. ಡಿಸ್ಕಿನಲ್ಲಿ ಜಾಗ ಮುಗಿಯುತ್ತ ಬಂದಿತ್ತು.

"ಹೊಸಾ ಡಿಸ್ಕ್ ತರಸಬೇಕೇನಪಾ?" ಎಂದರು ಗಿರಣಿಯ ಸಾವ್ಕಾರ್ರು.

"ಏನೂ ಬ್ಯಾಡ್ರಿ. ಒಳಗಿನ ಕಸಾ ಹೊಡದ್ರ ಸಾಕು. ಅರ್ಧಾ ತಾಸಿನ ಕೆಲಸ!"

ಈ ಮಾತನ್ನು ನಾನು ಕುರ್ಚಿಗೆ ಒರಗಿಕೊಂಡು ಹೇಳಿದೆ ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಕಸ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಭತ್ತದ ಟ್ರ್ಯಾಕ್ಟರು ತೂಕದ ಕಾಟಾದ ಮೇಲೆ ನಿಂತಾಗ ಎದುರಿನ ಕ್ಯಾಮೆರಾ ಫೋಟೋ ಹೊಡೆದು, ನಂಬರ್ ಪ್ಲೇಟು ಓದಿ, ಫೋಟೋಗೆ ಆ ನಂಬರನ್ನೇ ಹೆಸರಿಡುತ್ತದೆ. ಓದಲು ಬಾರದಿದ್ದರೆ ‘ಅನ್‌ನೋನ್’ ಎಂಬ ಫೋಲ್ಡರಿಗೆ ಎಸೆಯುತ್ತದೆ. ಅಂದರೆ, ಯಾರೋ ಏನೋ! ವರ್ಷಗಳಿಂದ ತುಂಬಿಕೊಂಡಿದ್ದ ಆ ಫೋಲ್ಡರು ಹೋದರೆ ಸರ್ವರು ಉಸಿರಾಡುತ್ತಿತ್ತು. ಅಳಿಸುವ ಮೊದಲು ಸುಮ್ಮನೆ ಒಂದು ಫೋಟೋ ತೆರೆದೆ.

ಅಪ್ಪ!

ಟ್ರ್ಯಾಕ್ಟರಿನ ಮುಂದೆ, ನಂಬರ್ ಪ್ಲೇಟಿಗೆ ಸರಿಯಾಗಿ ಅಡ್ಡ, ತಲೆಗೆ ಪಟಕಾ ಸುತ್ತಿ, ಅಂಗಿಯ ಗುಂಡಿ ಕತ್ತಿನ ತನಕ ಹಾಕಿ, ನೆಟ್ಟಗೆ ನಿಂತಿದ್ದ. ಇನ್ನೊಂದು ತೆರೆದೆ. ಅಪ್ಪ. ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಅಪ್ಪ, ಜಿಟಿಜಿಟಿ ಮಳೆಗೆ ಗೊಬ್ಬರದ ಚೀಲ ಹೊದ್ದ ಅಪ್ಪ. ಅವನು ತೀರಿಕೊಂಡಿದ್ದು ಹೋದ ವರ್ಷ. ಮನೆಯ ಗೋಡೆಯ ಮೇಲಿರುವುದು ಆಧಾರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ ಫೋಟೋ. ಅದರಲ್ಲೂ ಅವನು ಯಾರೋ ಏನೋ ಎಂಬಂತೆಯೇ ಇದ್ದಾನೆ!

ಅಪ್ಪ ನಮ್ಮ ಭತ್ತ ತಂದಾಗಲೆಲ್ಲ ಕಾಟಾ ನೋಡಿಕೊಳ್ಳುವ ಈರಪ್ಪಣ್ಣ ಕೂಗುತ್ತಿದ್ದ: "ಸರೀರಿ ಯಜಮಾನ್ರ! ಫೋಟೋ ಗಾಡೀದು, ನಿಮ್ದಲ್ಲ!"

ಅಪ್ಪ ಕದಲುತ್ತಿರಲಿಲ್ಲ. "ನನ್ನ ಮಗನ ಕಂಪ್ಯೂಟರ್‌ನ್ಯಾಗ ಗಾಡಿ ಇರಬೌದು, ನಾ ಇರಬಾರದೇನಲೇ?"

ಇಂಥವನನ್ನು ಅಳಿಸುವುದು ಹೇಗೆ? ಅಪ್ಪನಿದ್ದ ಫೋಲ್ಡರನ್ನು ಬಿಟ್ಟು ಉಳಿದದ್ದೆಲ್ಲ ಕಸವೆಂದು ಘೋಷಿಸಿದೆ.

ಮೊದಲು ಟೆಂಪ್ ಫೈಲುಗಳನ್ನು ಹೊಡೆದೆ. ಕೆಂಪು ಗೆರೆ ಹಾಗೇ ಇತ್ತು. ಸರ್ವರು ತನ್ನ ದಿನಚರಿ ಬರೆದಿಡುವ ಹಳೆಯ ಲಾಗುಗಳನ್ನು ಹೊಡೆದೆ. ಗೆರೆ ತುಸು ಅಲುಗಿತು. ಹುರುಪು ಬಂತು! ಹುಡುಕುತ್ತ ಹೋದರೆ, ಹೆಸರೇ ತಿಳಿಯದ ಒಂದು ದಪ್ಪ ಫೈಲು ಆರಾಮಾಗಿ ಕೂತಿತ್ತು. ಅಳಿಸಲು ಹೋದರೆ ‘ಬಿಡುವುದಿಲ್ಲ’ ಎಂದಿತು. ಪದವೀಧರನಿಗೇ ಎದುರುತ್ತರವೆ? ಬಿಲ್ಲಿನ ಸಾಫ್ಟ್‌ವೇರನ್ನು ನಿಲ್ಲಿಸಿ ಅಳಿಸಿದೆ. ಸಾಫ್ಟ್‌ವೇರು ಮತ್ತೆ ಚಾಲೂ ಆಗಲೇ ಇಲ್ಲ. ಅದು ನಿಂತಿದ್ದೇ ಆ ಫೈಲಿನ ಮೇಲೆ!

ಬಿಲ್ಲು ನಿಂತಿತು. ಕಾಟಾ ನಿಂತಿತು. ಟ್ರ್ಯಾಕ್ಟರುಗಳ ಸಾಲು ಗೇಟು ದಾಟಿ ರಸ್ತೆಗೆ ಇಳಿಯಿತು.

"ಏನ್ರೀ ಬಿ.ಸಿ.ಎ. ಸಾಹೇಬ್ರ," ಎಂದು ಯಾರೋ ಕಿಟಕಿಯಲ್ಲಿ ಇಣುಕಿದರು, "ಭತ್ತ ಗಾಡ್ಯಾಗ ಮೊಳಕಿ ಒಡೀಲೇನು?"

ಸಾವ್ಕಾರ್ರು ಬಂದರು. ಬೆವರುತ್ತ ಎಲ್ಲ ಹೇಳಿದೆ. ಪರದೆಯ ಮೇಲಿದ್ದ ಅಪ್ಪನನ್ನು ಅವರು ಬಾಗಿ ನೋಡಿದರು.

"ಇವ್ರನ್ನ ಉಳಸ್ಕೊಳ್ಳಾಕ ನನ್ನ ಗಿರಣಿ ಬಂದ್ ಮಾಡಿದೇನು?"

"ಹೌದ್ರಿ."

"ನಿನ್ನ ಕೀಲಿಗೊಂಚಲಕ್ಕ ಜೋತುಬಿದ್ದೈತಲ್ಲ, ಏನದು?"

"ಪೆನ್‌ಡ್ರೈವ್ ರೀ."

"ಅದ್ರಾಗ ಏನ್ ಇಡ್ತಾರ?"

ಉತ್ತರ ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದೆ!

ಪುಣ್ಯಕ್ಕೆ, ಹಿಂದಿನ ದಿನದ ಬ್ಯಾಕಪ್ಪನ್ನು ಅಳಿಸುವ ಸರದಿ ಇನ್ನೂ ಬಂದಿರಲಿಲ್ಲ. ಅದರಿಂದ ಸಂಜೆಗೆ ಕಾಟಾ ಚಾಲೂ ಆಯಿತು. ಅಪ್ಪನನ್ನು ಆರಿಸಿ ಆರಿಸಿ ಪೆನ್‌ಡ್ರೈವಿಗೆ ತುಂಬಿಕೊಂಡು, ಫೋಲ್ಡರು ಖಾಲಿ ಮಾಡಿದೆ.

ಮನೆಯಲ್ಲಿ ಪೆನ್‌ಡ್ರೈವನ್ನು ಟಿ.ವಿ.ಗೆ ಸಿಕ್ಕಿಸಿದೆ. ಹೆಂಡತಿ ಒಲೆ ಆರಿಸಿ ಬಂದು ಕೂತಳು.

"ಮಾವಾರು ಎಷ್ಟ್ ಚಂದ ನಿಂತಾರ್ರಿ! ಆದ್ರ ಅವ್ರ ಮಗ್ಗಲಕ ನೀವು ಒಂದ್ರಾಗೂ ಇಲ್ಲಲ್ಲ?"

"ನಾ ಒಳಗಿದ್ದೆ."

"ಒಳಗ ಏನ್ ಮಾಡಾಕತ್ತಿದ್ರಿ?"

"ಕಂಪ್ಯೂಟರ್ ನೋಡ್ಕೋತಿದ್ದೆ."

ಅವಳು ಮುಂದಿನ ಫೋಟೋ ಒತ್ತಿದಳು. ಅದರಲ್ಲೂ ಅಪ್ಪ ಒಬ್ಬನೇ.

ಮರುದಿನ ಗಾಡಿಗಳೆಲ್ಲ ಹೋದ ಮೇಲೆ ಕಾಟಾ ಹತ್ತಿದೆ. ಅಪ್ಪ ನಿಲ್ಲುತ್ತಿದ್ದಲ್ಲಿಂದ ತುಸು ಪಕ್ಕಕ್ಕೆ ಸರಿದು, ಗುಂಡಿ ಕತ್ತಿನ ತನಕ ಹಾಕಿ, ನೆಟ್ಟಗೆ ನಿಂತೆ.

"ಈರಪ್ಪಣ್ಣ, ಫೋಟೋ ಹೊಡಿ."

"ಗಾಡಿ ಎಲ್ಲೈತೋ?"

"ಗಾಡಿ ಇಲ್ಲ. ನಾನ ಇರೂದು."

"ಅಪ್ಪಗ ತಕ್ಕ ಮಗ!" ಎನ್ನುತ್ತ ಹೊಡೆದ.

ಒಳಗೆ ಓಡಿ ನೋಡಿದೆ. ಕ್ಯಾಮೆರಾ ಈ ಪದವೀಧರನನ್ನು ತಲೆಯಿಂದ ಕಾಲಿನ ತನಕ ಪರಿಶೀಲಿಸಿ ತೀರ್ಪು ಕೊಟ್ಟಿತ್ತು: ಅನ್‌ನೋನ್!

ಖಾಲಿ ಫೋಲ್ಡರಿನಲ್ಲಿ ನಾನೊಬ್ಬನೇ ನಿಂತಿದ್ದೆ. ಪಕ್ಕದಲ್ಲಿ ಬೇಕಾದಷ್ಟು ಜಾಗವಿತ್ತು.