ಸೋಮವಾರ ತೆಗೆಯುವ ಕೆಲಸ

ಕೆಲಸ ಕಡಿಮೆಯಾದಷ್ಟೂ ಮನುಷ್ಯ ಸುಖವಾಗಿರುತ್ತಾನೆ ಎಂದು ಯಾರು ಹೇಳಿದರೋ, ಅವರಿಗೆ ಜೊತೆಗೆ ಕೂತು ಕೆಲಸ ಮಾಡುವ ಗೆಳೆಯರು ಇರಲಿಲ್ಲವೆಂದು ಕಾಣುತ್ತದೆ. ನಾನಂತೂ ಹುಟ್ಟು ಸೋಮಾರಿ. ಎರಡು ಸಲ ಮಾಡಬೇಕಾದ್ದನ್ನೆಲ್ಲ ಯಂತ್ರದ ತಲೆಗೆ ಕಟ್ಟುವುದೇ ನನ್ನ ಕಸುಬು. ಹರಪನಹಳ್ಳಿಯಲ್ಲಿ ಗೆಳೆಯ ಮೆಹಬೂಬನ ಟ್ರ್ಯಾಕ್ಟರ್ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಕೂತು ಪ್ರೋಗ್ರಾಂ ಬರೆಯುತ್ತೇನೆ. ಕೆಳಗೆ ಅವನು ಸುತ್ತಿಗೆ ಬಡಿದರೆ ಮೇಲೆ ನನ್ನ ಚಹಾದ ಲೋಟ ಕುಣಿಯುತ್ತದೆ.

ಅವನು ಟ್ರ್ಯಾಕ್ಟರುಗಳನ್ನು ಬಾಡಿಗೆಗೂ ಕೊಡುತ್ತಾನೆ. ಪಾಳಿ ಬಂದ ರೈತರಿಗೆ ಬೆಳಗಿನ ಜಾವ ತಾನಾಗಿ ಫೋನು ಹೋಗಿ, "ಇವತ್ತು ನಿಮ್ಮ ಹೊಲಕ್ಕ ಟ್ರ್ಯಾಕ್ಟರ್ ಬರ್ತೈತ್ರಿ" ಎಂದು ಅವನದೇ ದನಿಯಲ್ಲಿ ಹೇಳುವ ವ್ಯವಸ್ಥೆ ನಾನು ಮಾಡಿದ್ದು. ಇಂಥದ್ದನ್ನು ಸರ್ವರ್‌ಲೆಸ್ ಎನ್ನುತ್ತಾರೆ. ಸರ್ವರ್ ಇಲ್ಲವೆಂದಲ್ಲ, ಎಲ್ಲೋ ಯಾರದೋ ಇರುತ್ತದೆ, ಅದನ್ನು ಕಾಯುವ ತಾಪತ್ರಯ ನಮಗಿಲ್ಲ ಅಷ್ಟೆ. ಆದರೆ ಪ್ರೋಗ್ರಾಂ ಯಾವ ವಾರ ಏಳಬೇಕು, ಎಷ್ಟು ಹೊತ್ತು ದುಡಿಯಬೇಕು ಎಂಬುದನ್ನೆಲ್ಲ ಕಾನ್ಫಿಗ್ ಫೈಲಿನಲ್ಲಿ ಬೇರೆಯಾಗಿ ಬರೆದಿಡಬೇಕು. ಅಲ್ಲಿ ಸಾಲಿನ ಮುಂದೆ ಬಿಡುವ ಜಾಗ ಕೊಂಚ ಹೆಚ್ಚುಕಡಿಮೆಯಾದರೂ ಎಲ್ಲ ನಿಂತುಬಿಡುತ್ತದೆ. ನನ್ನ ಕಣ್ಣಿಗೆ ಅದು ಕಾಣದು. ಹಾಗಾಗಿ ಸಂಜೆ ಮೆಹಬೂಬ ಕೈ ತೊಳೆದು, ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಮೇಲೆ ಬಂದು, ಪರದೆಗೆ ಸ್ಟೀಲ್ ಸ್ಕೇಲು ಹಿಡಿದು, "ಈ ಸಾಲು ಒಳಗ ಹೋಗೈತಲೇ ಕೊಟ್ರ" ಎಂದು ನನ್ನ ಹೆಸರು ಹಿಡಿದು ಹೇಳುತ್ತಿದ್ದ. ಸಾಲು ನೆಟ್ಟಗಾಗುವಷ್ಟರಲ್ಲಿ ಊರ ಸುದ್ದಿಯೆಲ್ಲ ಮುಗಿದಿರುತ್ತಿತ್ತು. ಆ ಸಂಜೆಗಳ ರುಚಿ ಈಗಲೂ ನಾಲಿಗೆಯ ಮೇಲಿದೆ. ಅದರಲ್ಲಿ ಮಿರ್ಚಿಯ ಪಾಲೂ ಇರಬಹುದು.

ಅವಕ್ಕೆ ನಾನೇ ಕಲ್ಲು ಹಾಕಿದೆ. ನಾನು ಬರೆದ ಪ್ರೋಗ್ರಾಮಿನ ಕೋಡನ್ನು ಓದಿಕೊಂಡು ಕಾನ್ಫಿಗ್ ಫೈಲನ್ನು ತಾನೇ ಬರೆದುಕೊಡುವ ಉಪಕರಣವೊಂದನ್ನು ತಂದು ಕೂರಿಸಿದೆ. ಗುಂಡಿ ಒತ್ತಿದರೆ ಫೈಲು ತಯಾರು, ಸಾಲೆಲ್ಲ ನೆಟ್ಟಗೆ. ಹೆಮ್ಮೆಯಿಂದ ಮೆಹಬೂಬನನ್ನು ಕರೆದು ತೋರಿಸಿದೆ. ಅವನು ಸ್ಕೇಲು ಹಿಡಿದು ನೋಡಿ, "ಚಲೋ ಐತಿ ಬಿಡಪ. ಹಂಗಾರ ಇನ್ನ ನಾ ಮ್ಯಾಲ ಬರೋ ಕೆಲಸ ಇಲ್ಲ" ಎಂದು ಇಳಿದು ಹೋದ. ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಕರೆಯೋಣವೆಂದರೆ ನೆಪವಿಲ್ಲ. ಶಾಲೆಯಿಂದ ಜೊತೆಗಿದ್ದ ಗೆಳೆಯನನ್ನು ಸುಮ್ಮನೆ ಬಾ ಎನ್ನಲು ನಾಚುವುದು ಗಂಡಸರಿಗೆ ಮಾತ್ರ ಬರುವ ಕಾಯಿಲೆ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಹೀಗಿರುವಾಗ ಒಂದು ಸೋಮವಾರ ಪಕ್ಕದ ಊರು ಬಾಗಳಿಯ ಅಜ್ಜರೊಬ್ಬರು ಗ್ಯಾರೇಜಿಗೆ ಫೋನು ಮಾಡಿದರು. "ಸೋಮವಾರ ಹೊಲ ಹೂಡ್ರಿ ಅಂತ ಹೇಳ್ತೀರಲ್ರಿ, ನಮ್ಮ ಎತ್ತು ಕೇಳಿಸ್ಕೊಂಡ್ರ ಏನಂದ್ಕೊಂತಾವು?" ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವುದಿಲ್ಲ. ಟ್ರ್ಯಾಕ್ಟರು ಬಂದ ಮೇಲೂ ಹಲವರು ಅದನ್ನು ಬಿಟ್ಟಿಲ್ಲ. ಹಿಂದೆ ಮೆಹಬೂಬನೇ ಹೇಳಿ ಫೈಲಿನಿಂದ ಸೋಮವಾರವನ್ನು ತೆಗೆಸಿದ್ದ. ಕೋಡಿನಲ್ಲಿ ಸೋಮವಾರ ಬಿಡಬೇಕೆಂಬ ಮಾತೇ ಇರಲಿಲ್ಲ, ಪಾಪ, ಉಪಕರಣ ಎಲ್ಲಿಂದ ತರಬೇಕು?

ಅಂದು ಸಂಜೆ ಮೆಹಬೂಬ ಪೊಟ್ಟಣ ಹಿಡಿದು ಮೇಲೆ ಬಂದ. ಅವನನ್ನು ಕಂಡು ನನಗೆ ಎಷ್ಟು ಖುಷಿಯಾಯಿತೆಂದರೆ, ತಪ್ಪು ನನ್ನದೆಂಬುದೇ ಮರೆತುಹೋಯಿತು. ಇಬ್ಬರೂ ಕೂತು ಕೈಯಾರೆ ಸೋಮವಾರವನ್ನು ತೆಗೆದೆವು.

"ಮತ್ತ ಗುಂಡಿ ಒತ್ತಿದ್ರ ವಾಪಸ್ ಬರ್ತೈತೇನು?" ಎಂದ.

"ಬರ್ತೈತಿ."

"ಕೋಡಿನಾಗ ಒಂದು ಸಾಲು ಬರದ್ರ ಬರಂಗಿಲ್ಲ, ಹೌದಿಲ್ಲೊ?"

ನಾನು ಪೊಟ್ಟಣವನ್ನು ಅವನ ಕಡೆ ಸರಿಸಿದೆ. ಅವನು ಮಿರ್ಚಿಯ ತೊಟ್ಟು ಕಿತ್ತು ಪಕ್ಕಕ್ಕಿಟ್ಟು, "ಅವಸರ ಏನೈತಿ, ನಾಳಿ ಬರಿಯಂತಿ" ಎಂದ.

ಆ ನಾಳೆ ಇನ್ನೂ ಬಂದಿಲ್ಲ. ವಾರಕ್ಕೊಮ್ಮೆ ಬೇಕಿರಲಿ ಬಿಡಲಿ, ಏನಾದರೊಂದು ಬದಲಾವಣೆ ಹುಡುಕಿ ಗುಂಡಿ ಒತ್ತುತ್ತೇನೆ. ಸೋಮವಾರ ಬಂದು ಕೂರುತ್ತದೆ. "ಬಾರಲೇ, ಮತ್ತ ಬಂತು" ಎಂದು ಕೆಳಗೆ ಕೂಗುತ್ತೇನೆ. ಬರೆಯಬೇಕಾದ್ದು ಒಂದೇ ಸಾಲು. ನನಗಿನ್ನೂ ಪುರುಸೊತ್ತಾಗಿಲ್ಲ.