ಸಣ್ಣಮ್ಮನ ಒಂದು ನಿಮಿಷ

ನಮ್ಮ ಸಣ್ಣಮ್ಮನ ಎದುರು ಕೂತು ನೆಮ್ಮದಿಯಾಗಿ ಉಸಿರಾಡಿದವರು ಬಳ್ಳಾರಿಯಲ್ಲಿ ಯಾರೂ ಇಲ್ಲ ಎಂದು ನಾನು ಬರೆದುಕೊಡಬಲ್ಲೆ. ಸಣ್ಣಮ್ಮ ಎಂದರೆ ನಮ್ಮಮ್ಮನ ತಂಗಿ, ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ಹಿರಿಯ ನರ್ಸು. ನಿಮ್ಮ ಮಾತಿಗೆ ತಲೆಯೇನೋ ಆಡಿಸುತ್ತಾಳೆ. ಆದರೆ ಅವಳ ಒಂದು ಕಣ್ಣು ನಿಮ್ಮ ಅಂಗಿಯ ಗುಂಡಿಯ ಮೇಲೆ, ಇನ್ನೊಂದು ಗಡಿಯಾರದ ಮೇಲೆ. ನಿಮಿಷಕ್ಕೆ ಎಷ್ಟು ಉಸಿರಾಡುತ್ತೀರಿ ಎಂದು ಎಣಿಸುತ್ತಿರುತ್ತಾಳೆ.

ಕುರುಗೋಡಿನ ನಮ್ಮ ಮನೆಗೆ ನನ್ನನ್ನು ನೋಡಲು ಸಿರುಗುಪ್ಪದಿಂದ ಗಂಡಿನ ಕಡೆಯವರು ಬಂದಿದ್ದರು. ಗಂಡಿನ ತಂದೆ ತಮ್ಮ ಭತ್ತದ ಗದ್ದೆಯ ವರ್ಣನೆ ಮುಗಿಸುವ ಹೊತ್ತಿಗೆ ಸಣ್ಣಮ್ಮ, “ಅಣ್ಣಾರ, ನಿಮಗ ಇಪ್ಪತ್ತಾರು ಐತ್ರಿ” ಎಂದಳು. ಅವರು ನಾಚಿ ನಕ್ಕರು.

“ವಯಸ್ಸಲ್ರಿ, ನಿಮಿಷದ ಉಸುರು. ಇಪ್ಪತ್ತು ದಾಟಬಾರದ್ರಿ. ಒಮ್ಮಿ ಡಾಕ್ಟರಿಗೆ ತೋರಸ್ರಿ.”

ಸಂಬಂಧ ಅಲ್ಲಿಗೇ ಮುರಿಯಿತು ಎಂದುಕೊಂಡೆವು. ಮುರಿಯಲಿಲ್ಲ. ಅವರು ತೋರಿಸಿಕೊಂಡರು, ಆಸ್ತಮಾಕ್ಕೆ ಔಷಧ ಶುರುವಾಯಿತು, ಈಗ ನನ್ನ ಮಾವನವರಾಗಿದ್ದಾರೆ.

ಈಚೆಗೆ ಅವಳ ವಾರ್ಡಿಗೆ ಟ್ಯಾಬ್ ಬಂತು. ಮಂಚಕ್ಕೆ ತೂಗುತ್ತಿದ್ದ ಹಾಳೆ ಹೋಯಿತು. ಜ್ವರ, ನಾಡಿ, ಬಿಪಿ, ಉಸಿರು ಎಲ್ಲವನ್ನೂ ರೋಗಿಯ ಪಕ್ಕದಲ್ಲೇ ನಿಂತು ಅದಕ್ಕೆ ತುಂಬಬೇಕು. ಎಷ್ಟು ಹೊತ್ತಿಗೆ ತುಂಬಿದರು ಎಂಬುದನ್ನೂ ಅದು ಬರೆದಿಟ್ಟುಕೊಳ್ಳುತ್ತದೆ. ಮೊದಲ ವಾರವೆಲ್ಲ ಸಣ್ಣಮ್ಮ ಅದಕ್ಕೆ ತೆಲುಗಿನಲ್ಲಿ ಬೈದಳು. ಕನ್ನಡದಲ್ಲಿ ಬೈದರೆ ರೋಗಿಗಳು ತಮಗೇ ಎಂದುಕೊಳ್ಳುತ್ತಾರಂತೆ. ಬಳ್ಳಾರಿಯಲ್ಲಿ ತೆಲುಗು ತಿಳಿಯದ ರೋಗಿ ಎಲ್ಲಿಂದ ಬರಬೇಕು ಎಂದು ಕೇಳಿದ್ದಕ್ಕೆ ನನಗೂ ಒಂದು ಬೈಗುಳ ಸಿಕ್ಕಿತು, ಅಚ್ಚ ಕನ್ನಡದಲ್ಲಿ!

ತಿಂಗಳೊಳಗೆ ಮೇಲ್ವಿಚಾರಕಿ ಅವಳನ್ನು ಕರೆಸಿದರು. “ಅಕ್ಕಾರ, ಉಳಿದವರ ರೌಂಡು ಲಗೂನ ಮುಗೀತೈತಿ. ನಿಮ್ಮ ಹೆಸರು ಮಾತ್ರ ದಿನಾ ತಡ ಅಂತ ತೋರಸ್ತೈತಲ್ರಿ?”

“ಅವರ ಪೇಷಂಟುಗಳು ಭಾಳ ಶಿಸ್ತಿನವರ್ರಿ ಮೇಡಂ. ಎಲ್ಲಾರೂ ನಿಮಿಷಕ್ಕ ಸರಿಯಾಗಿ ಇಪ್ಪತ್ತೇ ಉಸುರಾಡ್ತಾರ. ನನ್ನವರು ತಮಗ ತಿಳಿದಂಗ ಆಡ್ತಾರ. ಒಬ್ಬೊಬ್ಬರಿಗೂ ಪೂರಾ ಒಂದು ನಿಮಿಷ ಎಣಸಬೇಕಾಗತೈತಿ.”

ಮೇಲ್ವಿಚಾರಕಿ ಟ್ಯಾಬ್ ತೆರೆದು ನೋಡಿದರು. ಉಳಿದವರು ತುಂಬಿದ ಉಸಿರಿನ ಲೆಕ್ಕವೆಲ್ಲ ಸಾಲುಸಾಲಾಗಿ ಇಪ್ಪತ್ತು, ಇಪ್ಪತ್ತು, ಇಪ್ಪತ್ತು. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಮುಂದಿನ ವಾರ, ಹೊಟ್ಟೆಯ ಆಪರೇಷನ್ ಆಗಿದ್ದ ಸಿರುಗುಪ್ಪ ಕಡೆಯ ಕರೂರಿನ ಹೆಂಗಸೊಬ್ಬಳು ಎದ್ದು ಕೂತು ಮಗಳೊಂದಿಗೆ ಹರಟುತ್ತಿದ್ದಳು. ಜ್ವರವಿಲ್ಲ, ಬಿಪಿ ಸರಿ ಇದೆ. ಸಣ್ಣಮ್ಮ ಉಸಿರು ಎಣಿಸಿದಳು, ಮೂವತ್ತು. ಇನ್ನೊಮ್ಮೆ ಎಣಿಸಿದಳು, ಮೂವತ್ತೊಂದು. ಟ್ಯಾಬಿಗೆ ಹಾಕಿದ್ದೇ ತಡ, ಅದು ಕೂಗಿಕೊಂಡು ಡಾಕ್ಟರ ಫೋನಿಗೆ ಸುದ್ದಿ ಮುಟ್ಟಿಸಿತು. ಅವರು ಓಡಿ ಬಂದು ಪರೀಕ್ಷೆ ಮಾಡಿಸಿದರೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆಕೆ ಆರು ದಿನ ಐಸಿಯುನಲ್ಲಿದ್ದು, ಆಮೇಲೆ ತನ್ನ ಕಾಲ ಮೇಲೆ ನಡೆದು ಹೋಗಿ ಸಿರುಗುಪ್ಪದ ಬಸ್ಸು ಹತ್ತಿದಳು.

ಅಂದಿನಿಂದ ಸಣ್ಣಮ್ಮ ಟ್ಯಾಬಿಗೆ ಬೈಯುವುದಿಲ್ಲ. “ಹಾಳಿ ಸುಮ್ನ ತೂಗ್ತಿತ್ತು. ಇದು ಒದರ್ತೈತಿ, ನನ್ನಂಗ” ಎನ್ನುತ್ತಾಳೆ.

ಮೊನ್ನೆ ಪಾರ್ವತಿನಗರದ ಅವಳ ಮನೆಯಲ್ಲಿ ಇಬ್ಬರೂ ಮೊರದಲ್ಲಿ ಚವಳಿಕಾಯಿ ಹಾಕಿಕೊಂಡು ನಾರು ತೆಗೆದು ಸೋಸುತ್ತ ಕೂತಿದ್ದೆವು. “ಈ ಎಣಸೋ ಹುಚ್ಚು ನಿನಗ ಹುಟ್ಟಿದಾಗಿಂದ ಐತೇನು?” ಎಂದು ಕೆಣಕಿದೆ.

“ಇಲ್ಲವ್ವ. ಮೊದಲು ನಾನೂ ಹಾಳಿ ಮ್ಯಾಲೆ ಇಪ್ಪತ್ತಂತ ಬರಕೊಂಡು ಹೋಗ್ತಿದ್ದೆ” ಎಂದಳು. ಕೈ ಮಾತ್ರ ಕಾಯಿ ಮುರಿಯುತ್ತಲೇ ಇತ್ತು. “ಮೋಕಾ ಊರಾಕಿ ಒಬ್ಬಾಕಿ ಇದ್ದಳು. ಹೆರಿಗಿ ಆಗಿ ಎರಡು ದಿನ. ಕೂಸಿನ ತಲಿಗೆ ಕುಲಾವಿ ಕಟ್ಟಾಕತ್ತಿದ್ದಳು. ಚಲೋ ಅದಾಳಂತ ಬಾಗಲದಾಗ ನಿಂತೇ ಬರದೆ. ಸಂಜಿಗಿ ಹೋಗಿಬಿಟ್ಟಳು.”

“ಎಣಿಸಿದ್ರ ಉಳೀತಿದ್ದಳೇನು, ಸಣ್ಣಮ್ಮ?”

“ಯಾರಿಗೊತ್ತು? ನಾ ಎಣಿಸಿದ್ದಿಲ್ಲಲ್ಲ.”

ವರ್ಷಗಟ್ಟಲೆ ಅವಳನ್ನು ಆಡಿಕೊಂಡು ನಕ್ಕಿದ್ದವಳು ನಾನು. ಮೊರವನ್ನು ಪಕ್ಕಕ್ಕೆ ಸರಿಸಿ, ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ. ಚವಳಿಕಾಯಿಯ ವಾಸನೆಯ ಕೈಯಿಂದ ಅವಳು ನನ್ನ ಕೂದಲು ನೇವರಿಸಿದಳು.