ಯಜಮಾನರ ಸೈನ್ಯ, ನನ್ನ ರೇಷ್ಮೆ

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರಾದರೂ ಏನಾದರೂ ಆಡುತ್ತಿದ್ದರೆ ಅವರ ಬೆನ್ನ ಹಿಂದೆ ನಿಂತು ಹೇಳಿಕೊಡದೆ ಇರಲಾರೆ. ಕೇರಂ ಹೊಡೆಯಲು ನನಗೆ ಬಾರದು. ಆದರೆ ಯಾವ ಕಾಯಿ ಹೊಡೆಯಬೇಕಿತ್ತು ಎಂಬುದು ಹೊಡೆದ ಮೇಲೆ ಖಚಿತವಾಗಿ ಗೊತ್ತಾಗುತ್ತದೆ. ಬಾರದ ವಿದ್ಯೆಯಲ್ಲೇ ಮನುಷ್ಯನಿಗೆ ಇಷ್ಟೊಂದು ಸಲಹೆ ಹೊಳೆಯುವುದೇಕೆ? ಬಲ್ಲವರಿಗೆ ಅದರ ಕಷ್ಟವೂ ಗೊತ್ತಿರುವುದರಿಂದ ಅವರ ಬಾಯಿ ಕಟ್ಟಿರುತ್ತದೆ, ನಮ್ಮಂಥವರಿಗೆ ಆ ತೊಂದರೆಯಿಲ್ಲ, ಅಷ್ಟೇ ಇರಬೇಕು.

ಹೋದ ವರ್ಷ ನಮ್ಮ ಮನೆಯವರ ಮೊಣಕಾಲಿನ ಆಪರೇಷನ್ ಆಯಿತು. ಆರು ವಾರ ನಿಗಡಿಯ ಈ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ, ಎದುರಾಬದುರು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ನಾವು ಅಷ್ಟು ಹೊತ್ತು ಒಬ್ಬರನ್ನೊಬ್ಬರು ನೋಡಿದ್ದೇ ಇಲ್ಲ. ಮೊದಲ ವಾರದಲ್ಲಿ ಮಾತು ಮುಗಿಯಿತು. ಎರಡನೆಯ ವಾರ ಅವರು ಕಿಟಕಿಯಲ್ಲಿ ಕೂತು, ಯಾರ ಗಾಡಿ ಯಾರ ಜಾಗದಲ್ಲಿ ನಿಂತಿದೆ ಎಂದು ಅಪಾರ್ಟ್‌ಮೆಂಟ್ ಸೊಸೈಟಿಗೆಲ್ಲ ಕೇಳುವಂತೆ ಹೇಳತೊಡಗಿದರು. ಆಗ ಊರಿನ ಆ ತುದಿಯ ಕೊಂಢವಾದಿಂದ ಬಂದವಳು ಮಧುರಾ. ನನ್ನ ಅಕ್ಕನ ಮಗಳು, ಮೈಸೂರಿನಲ್ಲಿ ಬೆಳೆದವಳು, ಇಲ್ಲಿ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಚಿಕ್ಕಪ್ಪನ ಅವಸ್ಥೆ ನೋಡಿ, ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಆಟ ಹಾಕಿಕೊಟ್ಟಳು.

ಆಟ ಹೀಗೆ: ಒಬ್ಬೊಬ್ಬರೂ ಒಂದೊಂದು ಜನಾಂಗ ಆರಿಸಿಕೊಂಡು, ಕಲ್ಲಿನ ಕಾಲದಿಂದ ಶುರುಮಾಡಿ, ಊರು ಕಟ್ಟಿ, ಹೊಲ ಉತ್ತು, ರಾಜ್ಯ ಬೆಳೆಸಬೇಕು. ಒಬ್ಬರ ಸರದಿ ಮುಗಿದ ಮೇಲೆ ಇನ್ನೊಬ್ಬರದು. ಗಡಿಬಿಡಿ ಇಲ್ಲ. ಇವರು ಆರಿಸಿಕೊಂಡದ್ದು ಯುದ್ಧಕ್ಕೆ ಹೆಸರಾದ ಜನಾಂಗ. ನಾನು ಎಂದಿನಂತೆ ಬೆನ್ನ ಹಿಂದೆ ನಿಂತು, "ಅಲ್ಲಿ ನದಿ ಅದ ನೋಡ್ರಿ, ಊರು ಇಲ್ಲ್ಯಾಕ ಕಟ್ಟಿದ್ರಿ?" ಎಂದೆ. ಅರ್ಧ ಗಂಟೆಯಾಗುವುದರೊಳಗೆ ಇವರು ಸಿಟ್ಟಾಗಿ, "ಅಷ್ಟ್ ತಿಳೀತದಂದ್ರ ನೀನ ಒಂದು ರಾಜ್ಯ ಮಾಡಿ ತೋರಸು" ಎಂದರು. ಮಧುರಾ ಅಷ್ಟಕ್ಕೇ ಕಾಯುತ್ತಿದ್ದಳೋ ಏನೋ. "ಒಂದೇ ಲ್ಯಾಪ್‌ಟಾಪಲ್ಲಿ ಇಬ್ರೂ ಆಡ್ಬೋದು ಚಿಕ್ಕಮ್ಮ. ನೀವು ಟ್ರೇಡ್ ಮಾಡೋರನ್ನ ತಗೊಳ್ಳಿ. ಫೈಟಿಂಗ್ ನಿಮಗೆ ಸೆಟ್ ಆಗಲ್ಲ" ಎಂದಳು. ಹಾಗೆ ನಾನು ವ್ಯಾಪಾರಿಗಳ ರಾಣಿಯಾದೆ, ನನ್ನ ಗಂಡನ ಪಕ್ಕದ ರಾಜ್ಯದಲ್ಲಿ.

ಮಧ್ಯಾಹ್ನದ ಊಟವಾದ ಮೇಲೆ ನಮ್ಮ ಸಾಮ್ರಾಜ್ಯಗಳು ತೆರೆಯುತ್ತಿದ್ದವು. ವ್ಯಾಪಾರದ ರಾಜ್ಯ ನಡೆಸುವವರಿಗೆ ನಾನು ಕಲಿತದ್ದನ್ನು ಹೇಳಿಬಿಡುತ್ತೇನೆ, ಬೇಡವೆಂದರೂ. ಮೊದಲು ಸುತ್ತಾಡಲು ಒಬ್ಬನನ್ನು ಕಳಿಸಬೇಕು. ಯಾರ ಮನೆಯಲ್ಲಿ ಏನಿದೆ, ಏನಿಲ್ಲ ಎಂದು ಗೊತ್ತಿಲ್ಲದೆ ವ್ಯಾಪಾರವಿಲ್ಲ. ಮೊದಲ ಸರಕಿನ ಬಂಡಿಯನ್ನು ಹತ್ತಿರದ ಊರಿಗೇ ಕಳಿಸಬೇಕು, ದೂರದ ಆಸೆಗೆ ಬಿದ್ದರೆ ದಾರಿಗಳ್ಳರು ದೋಚುತ್ತಾರೆ. ನಾನು ಮೊದಲ ಬಂಡಿ ಕಳಕೊಂಡದ್ದು ಹೀಗೆಯೇ. ಸಮುದ್ರ ಸಿಕ್ಕ ಕೂಡಲೇ ಬಂದರು ಕಟ್ಟಬೇಕು. ನಿಗಡಿಯ ತರಕಾರಿ ಮಂಡಿಯಲ್ಲಿ "ಕಾಯ್ ಭಾವ್?" ಎಂದು ಮರಾಠಿಯಲ್ಲಿ ದರ ಕೇಳಿ, ಮೂಗು ಮುರಿದು, ಎರಡು ಹೆಜ್ಜೆ ಮುಂದೆ ಹೋದರೆ ಮೇಥಿ ಸೊಪ್ಪಿನವಳು ಹೇಗೆ ತಾನೇ ಕರೆಯುತ್ತಾಳೋ, ಆಟದ ರಾಜರೂ ಹಾಗೆಯೇ ಕರೆಯುತ್ತಾರೆ.

ನನ್ನಲ್ಲಿ ರೇಷ್ಮೆಯಿತ್ತು, ಮಸಾಲೆಯಿತ್ತು. ಇವರ ಪ್ರಜೆಗಳು ಹಗಲೂ ರಾತ್ರಿ ಕತ್ತಿ ಮಸೆದು ಬೇಸತ್ತಿದ್ದರು. ರೇಷ್ಮೆ ಹೋದ ಕೂಡಲೇ ನಗತೊಡಗಿದರು. ನನ್ನ ನಾಲ್ಕು ಬಂಡಿಗಳಲ್ಲಿ ಮೂರು ಇವರ ಊರುಗಳಿಗೇ. ಫೋನಿನಲ್ಲಿ ಮಧುರಾ ಎಚ್ಚರಿಸಿದಳು: "ಎಲ್ಲಾ ಒಬ್ರಿಗೇ ಕಳಿಸ್ಬೇಡಿ ಚಿಕ್ಕಮ್ಮ, ವಾರ್ ಆದ್ರೆ ಎಲ್ಲಾ ಹೋಗುತ್ತೆ." ನಾನು ನಕ್ಕೆ. "ಯಾರ ಜೋಡಿ ವಾರ್? ನಿಮ್ಮ ಚಿಕ್ಕಪ್ಪನ ಜೋಡಿ?"

ಮೂರನೆಯ ದಿನ ನನ್ನ ಗಡಿಯುದ್ದಕ್ಕೂ ಕುದುರೆ ಸವಾರರು ಕಂಡರು. "ಇದೇನ್ರೀ?" ಎಂದೆ. "ಮೇಯಸ್ಲಿಕ್ಕೆ ಬಂದಾರ" ಎಂದರು ಇವರು, ಮುಖದಲ್ಲಿ ಏನೂ ತೋರಗೊಡದೆ. ಕರ್ಚೀಫು ಎಲ್ಲಿದೆ ಎಂದು ದಿನಕ್ಕೆ ಮೂರು ಸಲ ಕೇಳುವ ಮನುಷ್ಯ! ಮುಂದಿನ ಸರದಿಯಲ್ಲಿ ಯುದ್ಧ ಸಾರಿ ನನ್ನ ಬಂದರನ್ನು ಮುತ್ತಿದರು. ನನಗೆ ಬಂದದ್ದು ಬರೀ ಸಿಟ್ಟಲ್ಲ. ಒಂದು ವಿಚಿತ್ರ ಕುತೂಹಲ. ಈ ಗಂಭೀರ ಮುಖದ ಹಿಂದೆ ಮೂರು ದಿನ ಈ ಹಂಚಿಕೆ ನಡೆದಿತ್ತಲ್ಲ, ಇಪ್ಪತ್ತೆಂಟು ವರ್ಷದಲ್ಲಿ ಇನ್ನೇನೇನು ನಡೆದಿರಬಹುದು? "ಅಲ್ರೀ, ಹೆಂಡ್ತಿ ಊರಿನ ಮ್ಯಾಲೆ ದಂಡು ತಂದ್ರೆಲ್ಲಾ?" ಎಂದೆ. "ಆಟದಾಗ ಹೆಂಡ್ತಿ ಎಲ್ಲಿಂದ ಬಂದ್ಳು?" ಎಂದರು. ಆ ಸಂಜೆ ಚಪಾತಿ ತಟ್ಟೆಗೆ ಬಿದ್ದ ಸದ್ದು ಸ್ವಲ್ಪ ಜೋರಾಗಿತ್ತು.

ಮರುದಿನ ಆ ಮೂರು ಬಂಡಿಗಳೂ ಕೈತಪ್ಪಿ ನನ್ನ ಆದಾಯ ಕಾಲುಭಾಗಕ್ಕೆ ಇಳಿದಿತ್ತು. ಆದರೆ ವ್ಯಾಪಾರಿಗೆ ಒಂದು ಅನುಕೂಲ: ಕೂಡಿಟ್ಟ ಚಿನ್ನದಲ್ಲಿ ಸೈನಿಕರನ್ನು ಒಂದೇ ಸರದಿಯಲ್ಲಿ ಕೊಳ್ಳಬಹುದು. ಕೋಟೆಯೊಳಗೆ ಬಿಲ್ಲುಗಾರರನ್ನು ಕೂರಿಸಿದೆ. ಪಕ್ಕದ ಪುಟ್ಟ ರಾಜ್ಯಕ್ಕೆ ಉಡುಗೊರೆ ಕಳಿಸಿ ನನ್ನ ಕಡೆ ಮಾಡಿಕೊಂಡೆ. ಆಮೇಲೆ ಕೈಕಟ್ಟಿ ಕೂತೆ. ಯುದ್ಧವೆಂದರೆ ರೇಷ್ಮೆಯೂ ಬಂದ್, ಮಸಾಲೆಯೂ ಬಂದ್ ಎಂಬುದು ದಂಡನಾಯಕರಿಗೆ ಹೊಳೆದಿರಲೇ ಇಲ್ಲ. ಇವರ ಪ್ರಜೆಗಳ ಮುಖ ಸೊಟ್ಟಗಾಯಿತು. ನಾಲ್ಕನೆಯ ಸರದಿಗೆ ರಾಜಧಾನಿಯಲ್ಲೇ ದಂಗೆ. ಕುದುರೆಗಳು ಹಿಂದಕ್ಕೆ ಓಡಿದವು. ಇವರು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, "ಸುಮಾ, ಒಪ್ಪಂದ ಮಾಡ್ಕೊಳ್ಳೋಣೇನು?" ಎಂದರು. ಗಡಿಯ ಎರಡು ಊರು ಕೊಟ್ಟ ಮೇಲೆಯೇ ಒಪ್ಪಿದೆ. ಫೋನಿನಲ್ಲಿ ಮಧುರಾ ಖುಷಿಯಿಂದ ಕಿರುಚಿದ್ದು ಅಡಿಗೆಮನೆಗೂ ಕೇಳಿಸಿತು.

ಮರುದಿನ ಬೆಳಿಗ್ಗೆ ಹಾಲು ತಂದು ಒಳಗೆ ಬಂದರೆ ಸಾಸಿವೆ ಸಿಡಿದ ವಾಸನೆ. ಇವರು ವಾಕರನ್ನು ಒಲೆಯ ಕಟ್ಟೆಗೆ ಒರಗಿಸಿ, ಒಂದು ಕಾಲಿನ ಮೇಲೆ ಭಾರ ಹಾಕಿ, ಒಗ್ಗರಣೆ ಅವಲಕ್ಕಿ ಮಾಡುತ್ತಿದ್ದರು.

"ಏನ್ರೀ ಇದು? ನನ್ನ ಕರೀಬಾರ್ದಿತ್ತಾ?"

"ನಿನ್ನೆ ವಿಚಾರ ಮಾಡಿದೆ. ಎಲ್ಲಾ ಒಂದ ಕಡಿಂದ ತರಸ್ಕೊಂಡ್ರ ಸೋಲೂದ. ಸ್ವಲ್ಪ ಮನಿಯೊಳಗ ತಯಾರ ಮಾಡ್ಕೊಬೇಕು" ಎಂದು ತಟ್ಟೆಯನ್ನು ನನ್ನ ಮುಂದಿಟ್ಟರು.

ಯಾವ ಹೆಂಡತಿಯಾದರೂ ಸಂತೋಷಪಡುವ ಗಳಿಗೆ. ನನಗೋ ಗಿರಾಕಿ ಕೈತಪ್ಪಿದಂತಾಯಿತು. ಒಂದು ತುತ್ತು ತಿಂದೆ. ಉಪ್ಪು, ಹುಳಿ, ಖಾರ, ಶೇಂಗಾ ಎಲ್ಲವೂ ಸರಿಯಾಗಿದ್ದವು. ನಿಜ ಹೇಳಬೇಕೆಂದರೆ ನನ್ನದಕ್ಕಿಂತ ಒಂದು ಕೈ ಮೇಲೆ.

"ಹೆಂಗಾಗೇದ?" ಎಂದರು ಇವರು, ಸಣ್ಣ ಹುಡುಗರ ಹಾಗೆ ನನ್ನ ಮುಖವನ್ನೇ ನೋಡುತ್ತ.

"ಅಡ್ಡಿಯಿಲ್ಲ," ಎಂದೆ ನಾನು, "ಆದ್ರ ನೀವು ನಿಂತು ಕಾಲು ನೋಯಿಸ್ಕೋಬ್ಯಾಡ್ರಿ. ನಾಳೆಯಿಂದ ನಾನ ಮಾಡ್ತೀನಿ."